ಮೂರನೆಯ ಸಾಲು ಬಂದ ದಾರಿ

ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1935ರಲ್ಲಿ ಷೆವರ್ಲೆ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟ ಸಬರ್ಬನ್ ಕ್ಯಾರಿಆಲ್ ಎಂಬ ವಾಹನವು ಸಣ್ಣ ಲಾರಿಯ ಚಾಸಿಸ್ ಮೇಲೆ, ಅಂದರೆ ಎಂಜಿನ್, ಚಕ್ರ, ಒಡಲು ಎಲ್ಲವನ್ನೂ ಹೊರುವ ಉಕ್ಕಿನ ಅಡಿಚೌಕಟ್ಟಿನ ಮೇಲೆ, ಪೂರ್ತಿ ಉಕ್ಕಿನದೇ ಒಡಲನ್ನು ಕೂರಿಸಿ, ಅದರೊಳಗೆ ಮೂರು ಸಾಲುಗಳಲ್ಲಿ ಎಂಟು ಜನರಿಗೆ ಜಾಗ ಮಾಡಿಕೊಟ್ಟಿತ್ತು. ರೈಲು ನಿಲ್ದಾಣದಿಂದ ಹೋಟೆಲುಗಳಿಗೆ ಪ್ರಯಾಣಿಕರನ್ನೂ ಅವರ ಗಂಟುಮೂಟೆಗಳನ್ನೂ ಸಾಗಿಸಲು ಹುಟ್ಟಿಕೊಂಡಿದ್ದ ಸ್ಟೇಷನ್ ವ್ಯಾಗನ್ನುಗಳ ಒಡಲು ಆಗಿನ್ನೂ ಮರದ್ದಾಗಿದ್ದು, ಮಳೆ ಬಿಸಿಲಿಗೆ ಸಡಿಲಗೊಂಡು ವರ್ಷವರ್ಷವೂ ವಾರ್ನಿಷ್ ಬೇಡುತ್ತಿದ್ದುದರಿಂದ, ಉಕ್ಕಿನ ಒಡಲು ದೊಡ್ಡ ಅನುಕೂಲವೆನಿಸಿತು. ಆದರೆ ಸಬರ್ಬನ್ನಿನ ಪಕ್ಕಗಳಿಗೆ ಇದ್ದದ್ದು ಎರಡೇ ಬಾಗಿಲು. ಹಿಂದಕ್ಕೆ ಹೋಗಬೇಕಾದವರು ಬಗ್ಗಿ ನುಸುಳಬೇಕಿತ್ತು, ಸಾಮಾನು ಹೆಚ್ಚಿದ ದಿನ ಅವರ ಸೀಟನ್ನೇ ಕಳಚಿ ಹೊರಗಿಡಲಾಗುತ್ತಿತ್ತು. ಮೂರನೆಯ ಬಾಗಿಲು 1967ರ ಮಾದರಿಗೂ ನಾಲ್ಕನೆಯದು 1973ರ ಮಾದರಿಗೂ ಬಂದವು. ದೊಡ್ಡ ಎಸ್‌ಯುವಿಗಳ ವಂಶದ ಹಿರಿಯನೆನಿಸಿದ ಈ ವಾಹನವೇ ಹಿಂದೆ ಕೂರುವವರಿಗೆ ಎರಡೂ ಕಡೆ ಬಾಗಿಲು ಕೊಡಲು ನಾಲ್ಕು ದಶಕದಷ್ಟು ಕಾಲ ತೆಗೆದುಕೊಂಡಿತೆಂಬುದು ಆಕಸ್ಮಿಕವಲ್ಲ; ಮೂರನೆಯ ಸಾಲಿನ ಚರಿತ್ರೆಯುದ್ದಕ್ಕೂ ಲಾರಿಯ ಚಾಸಿಸ್, ಇಂಧನದ ಕಾನೂನು ಮತ್ತು ತೆರಿಗೆಗಳ ಮಾತು ಮೊದಲು ನಡೆದು, ಅಲ್ಲಿ ಕೂರುವವರ ಮಾತು ಎಲ್ಲರಿಗಿಂತ ತಡವಾಗಿ ಕೇಳಿಸಿದೆ.

ಎರಡನೆಯ ಮಹಾಯುದ್ಧ ಮುಗಿದು ಮಕ್ಕಳ ಸಂಖ್ಯೆ ಏರಿದ ವರ್ಷಗಳಲ್ಲಿ ಅಮೆರಿಕದ ಉಪನಗರಗಳ ಸಂಸಾರಗಳು ನೆಚ್ಚಿದ್ದು ಸಬರ್ಬನ್ನನ್ನಲ್ಲ, ಸಾಮಾನ್ಯ ಕಾರಿನ ಹಿಂಭಾಗವನ್ನು ಉದ್ದಕ್ಕೆ ಬೆಳೆಸಿ ಮಾಡಿದ ಉಕ್ಕಿನ ಸ್ಟೇಷನ್ ವ್ಯಾಗನ್ನನ್ನು. ಅದರ ಡಿಕ್ಕಿಯ ನೆಲದಿಂದ ಎಬ್ಬಿಸಿ ನಿಲ್ಲಿಸುವ ಮೂರನೆಯ ಸೀಟು ಹಲವು ಮಾದರಿಗಳಲ್ಲಿ ಹಿಮ್ಮುಖವಾಗಿತ್ತು. ಫೋರ್ಡ್ ಕಂಪನಿಯ ಕೆಲವು ವ್ಯಾಗನ್ನುಗಳಲ್ಲಿ ಎದುರುಬದುರಾದ ಎರಡು ಪುಟ್ಟ ಸೀಟುಗಳಿದ್ದವು. ಹಿಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್ ಮೇಲೆ ನೆಲ ಉಬ್ಬಿರುವುದರಿಂದ ಕಾಲು ಇಳಿಬಿಡಲು ಅದರ ಹಿಂದಿನ ತಗ್ಗೊಂದೇ ಉಳಿಯುತ್ತಿದ್ದುದು ಇಂಥ ಏರ್ಪಾಟಿಗೆ ಕಾರಣ. 1964ರಲ್ಲಿ ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್ ಎಂಬ ವ್ಯಾಗನ್ ಮೂರನೆಯ ಸಾಲನ್ನು ಮುಂದಕ್ಕೆ ಮುಖಮಾಡಿ ಕೂರಿಸಿತಾದರೂ, ಅದಕ್ಕಾಗಿ ಚಾವಣಿಯ ಹಿಂಭಾಗವನ್ನೇ ಎತ್ತರಿಸಿ ಗಾಜು ಹಾಕಬೇಕಾಯಿತು.

ವ್ಯಾಗನ್ನಿನ ಕಾಲ ಮುಗಿಯುವುದಕ್ಕೆ ಜನರ ಅಭಿರುಚಿಗಿಂತ ಒಂದು ಕಾಯ್ದೆ ಹೆಚ್ಚು ಕಾರಣವಾಯಿತು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ, 1975ರಲ್ಲಿ ಅಮೆರಿಕ ಜಾರಿಗೆ ತಂದ ಇಂಧನ ನೀತಿ ಮತ್ತು ಉಳಿತಾಯ ಕಾಯ್ದೆಯು ಪ್ರತಿಯೊಂದು ಕಂಪನಿ ಒಂದು ವರ್ಷದಲ್ಲಿ ಮಾರುವ ವಾಹನಗಳ ಸರಾಸರಿ ಮೈಲೇಜು ಎಷ್ಟಿರಬೇಕೆಂದು ಗೊತ್ತುಮಾಡಿತು. ಕಾರುಗಳಿಗೆ 1985ರ ವೇಳೆಗೆ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರ್, ಎಂಬ ಗುರಿ ಬಿತ್ತು. ರೈತರು, ಗುತ್ತಿಗೆದಾರರು, ಕುಶಲಕರ್ಮಿಗಳು ಬಳಸುವ ಲಘು ಟ್ರಕ್ಕುಗಳಿಗೆ ಬೇರೆಯದೇ ಆದ ಸಡಿಲ ಮಿತಿಯಿದ್ದು, 1990ರ ದಶಕದ ಕೊನೆಗೂ ಅದು 20.7 ಮೈಲಿಯಲ್ಲೇ, ಅಂದರೆ ಲೀಟರಿಗೆ 8.8 ಕಿಲೋಮೀಟರಿನ ಆಸುಪಾಸಿನಲ್ಲೇ ನಿಂತಿತ್ತು. ಭಾರವಾದ ವ್ಯಾಗನ್ನು ಕಾರುಗಳ ಲೆಕ್ಕದಲ್ಲಿ ಸೇರಿ ಕಂಪನಿಯ ಸರಾಸರಿಯನ್ನು ಕೆಳಗೆಳೆಯುತ್ತಿತ್ತು. ಅಷ್ಟೇ ಜನರನ್ನು ಹೊರುವ, ಅದಕ್ಕಿಂತಲೂ ಹೆಚ್ಚು ಪೆಟ್ರೋಲ್ ಕುಡಿಯುವ ವಾಹನ ಟ್ರಕ್ಕೆಂದು ನಮೂದಾದರೆ ಸಲೀಸಾಗಿ ಪಾರಾಗುತ್ತಿತ್ತು. ಸಂಸಾರ ಹೊರುವ ಹೊಣೆ ಕಾರಿನಿಂದ ಟ್ರಕ್ಕಿಗೆ ದಾಟಿಕೊಂಡದ್ದು ಹೀಗೆ.

ಆ ದಾಟುವಿಕೆಯ ಮೊದಲ ಫಲವು ನಿಜಕ್ಕೂ ಒಳ್ಳೆಯ ಫಲವೇ ಆಗಿತ್ತು. ಲೀ ಐಕೋಕಾ ನೇತೃತ್ವದ ಕ್ರೈಸ್ಲರ್ ಕಂಪನಿ 1983ರ ಕೊನೆಯಲ್ಲಿ ಹೊರತಂದ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ಎಂಬ ಮಿನಿವ್ಯಾನುಗಳು ಕಾನೂನಿನ ಪುಸ್ತಕದಲ್ಲಿ ಲಘು ಟ್ರಕ್ಕುಗಳಾಗಿದ್ದರೂ ಕಾರಿನ ಯಂತ್ರಭಾಗಗಳ ಮೇಲೆ ರೂಪುಗೊಂಡಿದ್ದವು. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೇ ಹೋಗುತ್ತಿದ್ದುದರಿಂದ ಹಿಂದಕ್ಕೆ ಶಾಫ್ಟ್ ಹಾಯಿಸುವ ಅಗತ್ಯ ಬೀಳದೆ, ನೆಲ ತಗ್ಗಾಗಿ, ಸಮನಾಗಿ ಉಳಿಯಿತು; ಪಕ್ಕಕ್ಕೆ ಜಾರುವ ಬಾಗಿಲಿನ ಮೂಲಕ ಮಗುವನ್ನೆತ್ತಿಕೊಂಡವರೂ ಸುಲಭವಾಗಿ ಹತ್ತಬಹುದಿತ್ತು. ಮೂರನೆಯ ಸಾಲಿನಲ್ಲಿ ಕೂರುವವರ ದೃಷ್ಟಿಯಿಂದ ನೋಡಿದರೆ ಆ ವಿನ್ಯಾಸವನ್ನು ಮೀರಿಸಿದ ಎಸ್‌ಯುವಿ ಇಂದಿಗೂ ಬಂದಿಲ್ಲವೆನ್ನಬೇಕು. ಆದರೆ ವಾಹನವನ್ನು ಕೊಳ್ಳುವವರು ಮುಂದಿನ ಸಾಲಿನವರು. ಅವರಿಗೆ ಮಿನಿವ್ಯಾನು ಬರಬರುತ್ತಾ ಶಾಲೆಗೆ ಮಕ್ಕಳನ್ನು ಬಿಟ್ಟುಬರುವ ಗಾಡಿಯಾಗಿ ಕಂಡು, 1996ರ ಕೊನೆಗೆ ಫೋರ್ಡ್ ಎಕ್ಸ್‌ಪೆಡಿಷನ್ನಿನಂಥ ದೊಡ್ಡ ಎಸ್‌ಯುವಿಗಳು ಬಂದಾಗ ಅವರ ಒಲವು ಅತ್ತ ತಿರುಗಿತು. ಮುಂದೆ ಸರ್ಕಾರ ಲಘು ಟ್ರಕ್ಕಿನ ವ್ಯಾಖ್ಯೆಯನ್ನು ಬಿಗಿಗೊಳಿಸಹೋಗಿ ಮತ್ತೊಂದು ವಿಚಿತ್ರಕ್ಕೆ ದಾರಿಮಾಡಿತು: ಸೀಟುಗಳನ್ನು ಮಡಚಿ ಸಾಮಾನಿಗೆ ಸಮತಟ್ಟಾದ ಜಾಗ ಮಾಡಿಕೊಡುತ್ತದೆಂಬ ಕಾರಣಕ್ಕೆ ಟ್ರಕ್ಕೆನಿಸಿಕೊಳ್ಳಬಯಸುವ ವಾಹನದಲ್ಲಿ ಮೂರು ಸಾಲು ಸೀಟುಗಳು ಕಡ್ಡಾಯವಾಗಿ ಇರಬೇಕೆಂಬ ಷರತ್ತು 2012ರ ಮಾದರಿಗಳಿಂದ ಅನ್ವಯವಾಯಿತು. ಅಲ್ಲಿಗೆ ಯಾರೂ ಕೂರದಿದ್ದರೂ ಮೂರನೆಯ ಸಾಲಿಗೊಂದು ಬೆಲೆ ಬಂದಂತಾಯಿತು.

ಸಂಸಾರದ ಕಡೆಯಿಂದಲೂ ಒತ್ತಡವಿರಲಿಲ್ಲವೆಂದಲ್ಲ, ಆದರೆ ಅದರ ಹಿಂದೆಯೂ ಕಾನೂನಿತ್ತು. ಅಪಘಾತದಲ್ಲಿ ಮಗುವನ್ನು ಹಿಡಿದಿಡುವ, ಕಾರಿನ ಸೀಟಿಗೆ ಬಿಗಿಯುವ ಪುಟ್ಟ ಆಸನವನ್ನು ಕಡ್ಡಾಯಗೊಳಿಸಿದ ಮೊದಲ ಅಮೆರಿಕನ್ ರಾಜ್ಯ ಟೆನೆಸಿ; ಅಲ್ಲಿ 1978ರಲ್ಲಿ ಜಾರಿಯಾದ ನಿಯಮ 1985ರ ವೇಳೆಗೆ ಎಲ್ಲ ರಾಜ್ಯಗಳಿಗೂ ಹಬ್ಬಿ, ವಯಸ್ಸಿನ ಮಿತಿಯೂ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು. ಸಾಮಾನ್ಯ ಕಾರಿನ ಹಿಂದಿನ ಸೀಟಿನಲ್ಲಿ ಇಂಥ ಎರಡು ಆಸನ ಕೂರಿಸಿದರೆ ಮೂರನೆಯದಕ್ಕೆ ಅಗಲ ಸಾಲುವುದಿಲ್ಲ. ಜೋರ್ಡನ್ ನಿಕರ್ಸನ್ ಮತ್ತು ಡೇವಿಡ್ ಸೊಲೊಮನ್ ಎಂಬ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಇಕ್ಕಟ್ಟಿನಿಂದಾಗಿ 1980ರಿಂದೀಚೆಗೆ ಅಮೆರಿಕದಲ್ಲಿ ಸುಮಾರು 1,45,000 ಜನನಗಳು ಕಡಿಮೆಯಾಗಿವೆಯೆಂದು ಅಂದಾಜು ಮಾಡಿತು. ಅಂದಾಜಿನ ಲೆಕ್ಕವನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬುದು ಬೇರೆ ಮಾತು. ಮೂರನೆಯ ಮಗು ಹುಟ್ಟುತ್ತಿದ್ದಂತೆ ಸಂಸಾರವೊಂದು ಮೂರು ಸಾಲಿನ ವಾಹನವನ್ನು ಹುಡುಕತೊಡಗುವುದಕ್ಕೆ ಐಷಾರಾಮದ ಆಸೆಯೊಂದೇ ಕಾರಣವಲ್ಲವೆಂಬುದನ್ನಾದರೂ ಆ ಅಧ್ಯಯನ ತೋರಿಸಿಕೊಟ್ಟಿತು.

ಮೂರನೆಯ ಸಾಲಿನ ಸುಖದುಃಖವನ್ನು ನಿರ್ಧರಿಸುವ ಸಂಗತಿ ಮಾತ್ರ ಕಣ್ಣಿಗೆ ಕಾಣದಂತೆ ಅದರ ಅಡಿಯಲ್ಲಿದೆ. ಲಾರಿ ಮತ್ತು ಪಿಕಪ್‌ಗಳಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಒಂದು ಚಕ್ರ ಹಳ್ಳಕ್ಕೆ ಬಿದ್ದರೆ ಆಕ್ಸಲ್ ಇಡಿಯಾಗಿ ವಾಲುವುದರಿಂದ ಅದು ಮೇಲೆ ಕೆಳಗೆ ಆಡುವಷ್ಟು ಜಾಗವನ್ನು ನೆಲದಡಿ ಖಾಲಿ ಬಿಡಬೇಕಾಗುತ್ತದೆ, ಅದರಿಂದ ನೆಲ ಎತ್ತರವಾಗುತ್ತದೆ. ಚಾವಣಿ ಇದ್ದಲ್ಲೇ ಇರುವುದರಿಂದ ಸೀಟನ್ನು ಮೇಲೇರಿಸುವಂತಿಲ್ಲ. ಹೀಗಾಗಿ ಅಲ್ಲಿ ಕೂತ ದೊಡ್ಡವರ ತೊಡೆ ಸೀಟಿಗೆ ತಾಗದೆ, ಮಂಡಿ ಎದೆಯ ಮಟ್ಟಕ್ಕೆ ಬಂದು, ಮೈಭಾರವೆಲ್ಲ ಬೆನ್ನಿನ ಬುಡದ ಮೇಲೆ ಬೀಳುತ್ತದೆ. ಇದಕ್ಕೆ ಪರಿಹಾರವೆಂದರೆ ಸ್ವತಂತ್ರ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವೂ ತನ್ನಷ್ಟಕ್ಕೆ ತಾನು ಏರಿಳಿಯುವಂತೆ ಮಾಡುವ ಜೋಡಣೆ. ಫೋರ್ಡ್ 2003ರ ಎಕ್ಸ್‌ಪೆಡಿಷನ್ನಿನಲ್ಲಿ ಇದನ್ನು ಅಳವಡಿಸಿ, ಮೂರನೆಯ ಸಾಲು ನೆಲದೊಳಗೆ ಮಡಚಿಕೊಳ್ಳುವಂತೆ ಮಾಡಿತು. ಜನರಲ್ ಮೋಟರ್ಸ್ ತನ್ನ ಪಿಕಪ್‌ಗಳ ಗಟ್ಟಿ ಆಕ್ಸಲ್ಲನ್ನೇ ಮುಂದುವರಿಸಿದ್ದರಿಂದ, ಅದರ ಟಾಹೊ ಎಸ್‌ಯುವಿ ಕೊಂಡವರು 2014ರವರೆಗೂ ಭಾರವಾದ ಹಿಂದಿನ ಸೀಟುಗಳನ್ನು ಕಳಚಿ ಗ್ಯಾರೇಜಿನಲ್ಲಿಟ್ಟು ಬರುತ್ತಿದ್ದರು. ಕೊನೆಗೆ 2021ರ ಮಾದರಿಯಲ್ಲಿ ಟಾಹೊ ಮತ್ತು ಸಬರ್ಬನ್ ಎರಡಕ್ಕೂ ಸ್ವತಂತ್ರ ಸಸ್ಪೆನ್ಷನ್ ಬಂದಾಗ, ಉದ್ದವೂ ಹೆಚ್ಚಿದ ಟಾಹೊದ ಮೂರನೆಯ ಸಾಲಿನಲ್ಲಿ ಕಾಲಿಗೆ ಸಿಗುವ ಜಾಗ ಸುಮಾರು 63 ಸೆಂಟಿಮೀಟರಿನಿಂದ 89ಕ್ಕೆ ಏರಿತು. ಅಷ್ಟರೊಳಗೆ ಪ್ರತ್ಯೇಕ ಚಾಸಿಸ್ಸೇ ಇಲ್ಲದ, ಒಡಲೇ ಭಾರ ಹೊರುವ ಮೊನೊಕಾಕ್ ರಚನೆಯ ಹೋಂಡಾ ಪೈಲಟ್, ಷೆವರ್ಲೆ ಟ್ರಾವರ್ಸ್, ಕಿಯಾ ಟೆಲ್ಯುರೈಡ್‌ನಂಥ ವಾಹನಗಳು ಅದೇ ಸುಖವನ್ನು ಕಡಿಮೆ ಬೆಲೆಗೆ ಕೊಡತೊಡಗಿದ್ದವು.

ಭಾರತದಲ್ಲಿಯೂ ಮೂರನೆಯ ಸಾಲು ಹುಟ್ಟಿದ್ದು ಸಾಮಾನಿನ ಜಾಗದಲ್ಲೇ. ಮಹೀಂದ್ರ ಜೀಪುಗಳ ಹಿಂಭಾಗದಲ್ಲಿ ಮಂಡಿಗೆ ಮಂಡಿ ತಾಗುವಂತೆ ಎದುರುಬದುರಾಗಿ ಹಾಕಿದ್ದ ಬೆಂಚುಗಳು ಹಳ್ಳಿಯ ದಿಬ್ಬಣದಿಂದ ಸರ್ಕಾರಿ ಕಚೇರಿಯವರೆಗೆ ಎಲ್ಲರಿಗೂ ಪರಿಚಿತವಾಗಿದ್ದವು; 1994ರ ಟಾಟಾ ಸುಮೊ ಮತ್ತು 2000ದ ಬೊಲೆರೊ ಅದೇ ಪದ್ಧತಿಯನ್ನು ಮುಂದುವರಿಸಿದವು. ಅಮೆರಿಕದಲ್ಲಿ ಇಂಧನದ ಕಾನೂನು ಮಾಡಿದ ಕೆಲಸವನ್ನು ಇಲ್ಲಿ ತೆರಿಗೆ ಮಾಡಿತು. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ವಾಹನಗಳಿಗೆ 2006ರಲ್ಲಿ ಅಬಕಾರಿ ಸುಂಕ ಇಳಿದ ಮೇಲೆ ಆ ನಾಲ್ಕು ಮೀಟರ್ ವಿನ್ಯಾಸಕಾರರ ಲಕ್ಷ್ಮಣರೇಖೆಯಾಯಿತು: ಮಹೀಂದ್ರ 2016ರಲ್ಲಿ ಬೊಲೆರೊವನ್ನೇ ಮೊಟಕುಗೊಳಿಸಿ 3,995 ಮಿಲಿಮೀಟರಿಗೆ ತಂದಿತು, ರೆನೊ ಟ್ರೈಬರ್ 2019ರಲ್ಲಿ 3,990 ಮಿಲಿಮೀಟರಿನೊಳಗೆ ಏಳು ಜನರನ್ನು ಕೂರಿಸಿ, ಹಿಂದಿನ ಎರಡು ಸೀಟುಗಳನ್ನು ಕೈಯಿಂದಲೇ ಕಳಚಿ ಹೊರಗಿಡುವ ಏರ್ಪಾಟು ಮಾಡಿತು. ಎಂಜಿನ್ನಿನ ಗಾತ್ರಕ್ಕೂ ಇಂಥದೇ ಗೆರೆ ಬಿತ್ತು: 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ವಲಯದಲ್ಲಿ 2,000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ವಾಹನಗಳ ನೋಂದಣಿಯನ್ನು ತಡೆದಾಗ, ಮರುತಿಂಗಳೇ ಮಹೀಂದ್ರದ ಸ್ಕಾರ್ಪಿಯೊ ಮತ್ತು ಎಕ್ಸ್‌ಯುವಿ 500ಗಳಿಗೆ 1,990 ಸಿಸಿಯ ಎಂಜಿನ್ ಬಂತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳಲ್ಲೂ ನಾಲ್ಕು ಮೀಟರಿನ ಆ ಗೆರೆ ಉಳಿದಿದ್ದು, ಅದರ ಈಚೆಗಿರುವ ಪುಟ್ಟ ವಾಹನಗಳಿಗೆ ಶೇ 18, ಆಚೆಗಿನವಕ್ಕೆ ಶೇ 40 ತೆರಿಗೆ ಬೀಳುತ್ತದೆ.

ಮೂರು ಸಾಲೂ ಮುಂದಕ್ಕೆ ಮುಖಮಾಡಿರುವ ವಾಹನವನ್ನು ಮಧ್ಯಮವರ್ಗದ ಮನೆಗಳಿಗೆ ಒಗ್ಗಿಸಿದ ಕೀರ್ತಿ ಬಹುಮಟ್ಟಿಗೆ ಬಿಡದಿಗೆ ಸಲ್ಲಬೇಕು. ಇಂಡೊನೇಷ್ಯಾದಲ್ಲಿ 1977ರಿಂದ ತಯಾರಾಗುತ್ತಿದ್ದ ಕಿಜಾಂಗ್ ಎಂಬ ಬಹೂಪಯೋಗಿ ವಾಹನದ ಒಂದು ಪೀಳಿಗೆಯನ್ನು ಕ್ವಾಲಿಸ್ ಎಂಬ ಹೆಸರಿನಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿಯು 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಮಾರುಕಟ್ಟೆಗೆ ತಂದಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು, 2009ರಲ್ಲಿ ಫಾರ್ಚೂನರ್ ಜೊತೆಗೂಡಿತು. ಪಿಕಪ್ ಚಾಸಿಸ್ಸಿನ ಈ ಎರಡರಲ್ಲೂ ಹಿಂದಿನ ಆಕ್ಸಲ್ ಗಟ್ಟಿಯಾದದ್ದೇ, ನೆಲ ಎತ್ತರದ್ದೇ, ಮೂರನೆಯ ಸಾಲು ಮಡಚಿದಾಗ ಪಕ್ಕದ ಕಿಟಕಿಗಳಿಗೆ ಒರಗಿ ಪಟ್ಟಿಯಲ್ಲಿ ತೂಗುಬೀಳುವಂಥದ್ದೇ. 2022ರ ಕೊನೆಯಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್ ಮೊನೊಕಾಕ್ ರಚನೆಗೂ ಮುಂದಿನ ಚಕ್ರಗಳ ಚಾಲನೆಗೂ ಬದಲಾದಾಗ ಹಳಬರು ಮೂಗು ಮುರಿದರು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,750 ಮಿಲಿಮೀಟರಿನಿಂದ 2,850ಕ್ಕೆ ಏರಿದ್ದರ ಲಾಭ ಸಿಕ್ಕಿದ್ದು ಹಿಂದೆ ಕೂರುವವರಿಗೆ.

ಈ ಚರಿತ್ರೆಯನ್ನು ಬಲ್ಲ ಸಂಸಾರವು ಆಯ್ಕೆಯನ್ನು ಎಂಜಿನ್ನಿನಿಂದ ಆರಂಭಿಸದೆ ಹಿಂದಿನಿಂದ ಮುಂದಕ್ಕೆ ನೋಡುತ್ತ ಬರುವುದು ಲೇಸು. ಮಗುವಿನ ಆಸನವನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಎರಡನೆಯ ಸಾಲಿನ ಎರಡು ಬದಿಗಳಲ್ಲಿ ಮಾತ್ರ ಇರುವುದರಿಂದ ಚಿಕ್ಕ ಮಕ್ಕಳಿಗೆ ಆ ಸಾಲು ಮೀಸಲಾಗಿಬಿಡುತ್ತದೆ, ಮಂಡಿನೋವಿನ ಅಜ್ಜಿಯೋ ಎತ್ತರಕ್ಕೆ ಬೆಳೆಯುತ್ತಿರುವ ಹಿರಿಯ ಮಗನೋ ಹಿಂದಕ್ಕೆ ಹೋಗಬೇಕಾಗುತ್ತದೆ. ಎರಡನೆಯ ಸಾಲು ಒಂದೇ ಬೆಂಚಾಗಿದ್ದರೆ, ಅದಕ್ಕೆ ಬಿಗಿದ ಮಗುವಿನ ಆಸನವು ಸೀಟು ಮಡಚಲು ಬಿಡದೆ ಹಿಂದಿನ ದಾರಿಯನ್ನು ಮುಚ್ಚುತ್ತದೆ. ಕ್ಯಾಪ್ಟನ್ ಸೀಟುಗಳೆಂದು ಕರೆಯುವ ಎರಡು ಬಿಡಿ ಆಸನಗಳಿದ್ದರೆ ನಡುವೆ ಓಣಿ ಸಿಗುತ್ತದೆ, ಆದರೆ ಒಬ್ಬರ ಜಾಗ ಕಡಿಮೆಯಾಗುತ್ತದೆ. ಮೂರನೆಯ ಸಾಲಿಗೆ ಸ್ವಂತ ಎಸಿ ಗಾಳಿಯ ಕಿಂಡಿಯೂ ಭುಜದ ಮೇಲಿಂದ ಹಾಯುವ ಬೆಲ್ಟೂ ಕರ್ಟನ್ ಏರ್‌ಬ್ಯಾಗಿನ ರಕ್ಷಣೆಯೂ ಇದೆಯೇ ಎಂಬುದನ್ನು ಮಾದರಿವಾರು ಕೇಳಿ ತಿಳಿಯಬೇಕು. ಷೋರೂಮುಗಳಲ್ಲಿ ಡಿಕ್ಕಿ ವಿಶಾಲವಾಗಿ ಕಾಣಲೆಂದು ಮೂರನೆಯ ಸಾಲನ್ನು ಹೆಚ್ಚಾಗಿ ಮಡಚಿಯೇ ಇಟ್ಟಿರುತ್ತಾರಾದ್ದರಿಂದ, ಅದನ್ನು ಎತ್ತಿಸಿ, ಮನೆಯ ಎತ್ತರದ ಸದಸ್ಯರನ್ನು ಅಲ್ಲಿ ಕೂರಿಸಿ, ಮನೆಯಿಂದ ತಂದ ಒಂದು ದೊಡ್ಡ ಸೂಟ್‌ಕೇಸನ್ನು ಅವರ ಬೆನ್ನ ಹಿಂದಿಟ್ಟು ಡಿಕ್ಕಿಯ ಬಾಗಿಲು ಮುಚ್ಚುತ್ತದೆಯೇ ಎಂದು ನೋಡಿದ ಮೇಲೆ ಬೆಲೆಯ ಮಾತಿಗೆ ಬರಬಹುದು.