ವೋಲ್ಟೇಜ್ ನಿಯಂತ್ರಕ ಮಂಡಲ

ಒಳಬರುವ ವೋಲ್ಟೇಜ್ ಏರಿಳಿದರೂ ಹೊರಹೋಗುವ ವೋಲ್ಟೇಜನ್ನು ಸ್ಥಿರವಾಗಿಡುವ ವಿದ್ಯುನ್ಮಂಡಲವೇ ವೋಲ್ಟೇಜ್ ನಿಯಂತ್ರಕ. ಚನ್ನಗಿರಿಯ ಅಡಿಕೆ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಚಾಲೂ ಆದಾಗ ಮನೆಯ ದೀಪ ಮಂಕಾಗುವುದನ್ನು ಕಂಡವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಸರಳ ನಿಯಂತ್ರಕದಲ್ಲಿ ಟ್ರಾನ್ಸಿಸ್ಟರಿನ ಬೇಸಿಗೆ 5.6 ವೋಲ್ಟಿನ ಜೀನರ್ ಡಯೋಡ್ ಇರುತ್ತದೆ. ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.6 ವೋಲ್ಟ್ ಕಳೆಯುವುದರಿಂದ, ಹೊರೆ ಅಲ್ಪವಿದ್ದಾಗ ಸುಮಾರು 5 ವೋಲ್ಟ್ ಹೊರಬರುತ್ತದೆ.

ಹೊರತುದಿಗಳು ಒಂದಕ್ಕೊಂದು ತಗುಲಿ ಹ್ರಸ್ವಮಂಡಲವಾದರೆ (ಶಾರ್ಟ್ ಸರ್ಕ್ಯೂಟ್) ರಕ್ಷಣೆ ಬೇಕು. ಎಮಿಟರಿನೊಡನೆ ಸರಣಿಯಲ್ಲಿಟ್ಟ 0.6 ಓಮ್ ರೋಧಕದಲ್ಲಿ 0.6 ವೋಲ್ಟ್ ಉಂಟಾದೊಡನೆ ಎರಡನೆಯ ಟ್ರಾನ್ಸಿಸ್ಟರ್ ಜಾಗೃತವಾಗಿ ಬೇಸಿನ ಪ್ರವಾಹವನ್ನು ತನ್ನೆಡೆಗೆ ಸೆಳೆಯುತ್ತದೆ. ಆದ್ದರಿಂದ ಹ್ರಸ್ವಮಂಡಲ ಪ್ರವಾಹ 0.6 ÷ 0.6 = 1 ಆಂಪಿಯರ್.

ಪ್ರವಾಹ ಮಿತಿಯಲ್ಲಿದ್ದರೂ ಅಪಾಯ ಮುಗಿಯಲಿಲ್ಲ. ಒಳವೋಲ್ಟೇಜ್ 12 ಇದ್ದರೆ, ಆಗ ಟ್ರಾನ್ಸಿಸ್ಟರಿನಲ್ಲಿ 11.4 ವ್ಯಾಟ್ ಶಾಖವಾಗುತ್ತದೆ. ಪಂಪುಗಳು ನಿಂತು ಅದು 15ಕ್ಕೇರಿದರೆ 14.4 ವ್ಯಾಟ್. ಹೀಟ್ ಸಿಂಕನ್ನು ಈ ಕೊನೆಯ ಅಂಕಿಗೆ ತಕ್ಕಂತೆ ಆರಿಸಬೇಕು.