ಬುಡ ಕಡಿದ ಬಳ್ಳಿ, ಒಣಗುವ ನರತಂತು

ಪಾರ್ಶ್ವವಾಯು ಬಡಿದ ನಾಲ್ಕೈದು ತಿಂಗಳ ಮೇಲೆ ಮತ್ತೊಮ್ಮೆ ಎಂಆರ್‌ಐ ಮಾಡಿಸಿದ ಮನೆಗಳಲ್ಲಿ ಹೊಸ ಗಾಬರಿಯೊಂದು ಹುಟ್ಟುವುದುಂಟು. ಮೊದಲ ಚಿತ್ರದಲ್ಲಿ ಮಿದುಳಿನ ಮೇಲ್ಭಾಗದಲ್ಲಷ್ಟೇ ಕಲೆಯಿತ್ತು. ಈಗ ಅದೇ ಬದಿಯಲ್ಲಿ, ಕೆಳಗೆ ಮಿದುಳ ಕಾಂಡದವರೆಗೂ ಬೆಳ್ಳನೆಯ ಪಟ್ಟಿಯೊಂದು ಇಳಿದಿದೆ. ವರದಿಯಲ್ಲಿ ‘ವಾಲೇರಿಯನ್ ಡಿಜನರೇಷನ್’ ಎಂಬ ಪದ. ಹೊಸದುರ್ಗದಿಂದಲೋ ಹಿರಿಯೂರಿನಿಂದಲೋ ತಂದೆಯನ್ನು ಕರೆತಂದ ಮಗನಿಗೆ ಅದು ಒಂದೇ ಅರ್ಥ ಕೊಡುತ್ತದೆ: ಅಪ್ಪನಿಗೆ ಎರಡನೇ ಸಲ ಲಕ್ವ ಹೊಡೆದಿದೆ.

ವಾಸ್ತವ ಅದಲ್ಲ. ಹೊಳಲ್ಕೆರೆ ಸೀಮೆಯ ಅಡಿಕೆ ತೋಟ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯ ಬುಡಕ್ಕೆ ಕುಡುಗೋಲು ತಾಗಿದರೆ ತುದಿಯ ಎಲೆ ಆ ಕ್ಷಣವೇ ಬಾಡುವುದಿಲ್ಲ. ಕೆಲವು ದಿನ ಹಸಿರಾಗಿಯೇ ಇದ್ದು ಆಮೇಲೆ ಒಣಗುತ್ತದೆ. ಮೇಲೆ ಯಾರೂ ಕತ್ತಿ ಆಡಿಸಿರುವುದಿಲ್ಲ. ಕೈಕಾಲುಗಳನ್ನು ಆಡಿಸುವ ನರಕೋಶಗಳು ಮಿದುಳಿನ ಹೊರಪದರದಲ್ಲಿವೆ. ಅವುಗಳ ನೀಳ ತಂತುಗಳು ಮಿದುಳ ಕಾಂಡವನ್ನು ಹಾದು, ಬಹುಪಾಲು ಎದುರು ಬದಿಗೆ ದಾಟಿ, ಬೆನ್ನುಹುರಿಗೆ ಇಳಿಯುತ್ತವೆ. ತಂತುವಿಗೆ ಪೋಷಣೆ ಬರುವುದು ಕೋಶದಿಂದಲೇ. ರಕ್ತ ಸಿಗದೆ ಕೋಶ ಸತ್ತರೆ, ಇಲ್ಲವೇ ದಾರಿಯಲ್ಲಿ ತಂತು ತುಂಡಾದರೆ, ಅದರಾಚೆಗಿನ ಭಾಗವೆಲ್ಲ ನಶಿಸುತ್ತದೆ. ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ಕಂಡು 1850ರಲ್ಲಿ ಪ್ರಕಟಿಸಿದ. ಅಂದು ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುತ್ತಿದ್ದುದು ಇಂದು ಜೀವಂತ ರೋಗಿಯ ಚಿತ್ರದಲ್ಲೇ ಕಾಣುತ್ತಿದೆ.

ಕಾಣುವುದಕ್ಕೂ ಒಂದು ಕಾಲಕ್ರಮವಿದೆ. ಮೊದಲ ನಾಲ್ಕು ವಾರ ಸಾಮಾನ್ಯ ಎಂಆರ್‌ಐನಲ್ಲಿ ಹೆಚ್ಚೇನೂ ಗೋಚರಿಸದು. ನಂತರ ಕೆಲವು ವಾರ ಆ ದಾರಿ ತುಸು ಕಪ್ಪಾಗಿ, ಮೂರು ತಿಂಗಳು ಕಳೆದ ಮೇಲೆ ಬೆಳ್ಳಗೆ ತೋರಬಹುದು. ಕೊನೆಗೆ ಮಿದುಳ ಕಾಂಡದ ಆ ಬದಿ ಸೊರಗಿ ಸಣ್ಣದಾಗುತ್ತದೆ. ನೀರಿನ ಕಣಗಳ ಚಲನೆಯನ್ನು ಗ್ರಹಿಸುವ ‘ಡಿಫ್ಯೂಷನ್’ ವಿಧಾನದಲ್ಲಿ ಮಾತ್ರ ಕೆಲವರಲ್ಲಿ ಮೊದಲ ದಿನಗಳಲ್ಲೇ ಸುಳಿವು ಸಿಗುತ್ತದೆ. ಹಾಗೆ ಬೇಗನೆ ಕಂಡವರಲ್ಲಿ ಕೈಕಾಲಿನ ಬಲ ಮರಳುವುದು ಕಷ್ಟವೆಂದು ಹಲವು ಅಧ್ಯಯನಗಳು ಸೂಚಿಸಿವೆ. ಅನುಭವವಿಲ್ಲದ ಕಣ್ಣು ಈ ಸುಳಿವನ್ನೂ ಹೊಸ ಆಘಾತವೆಂದು ಓದಿಬಿಡಬಹುದು.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದು. ‘ನರ ಸತ್ತಿದೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಫಿಸಿಯೋಥೆರಪಿ ನಿಲ್ಲುತ್ತದೆ, ನಾಟಿ ಔಷಧದ ಹುಡುಕಾಟ ಶುರುವಾಗುತ್ತದೆ. ಒಣಗಿದ ತಂತು ಮತ್ತೆ ಚಿಗುರುವುದಿಲ್ಲ, ನಿಜ. ಆದರೆ ಚೇತರಿಕೆಗೆ ನೆರವಾಗುವುದು ಉಳಿದ ತಂತುಗಳು ಮತ್ತು ಹೊಸ ಕೆಲಸ ಕಲಿಯಬಲ್ಲ ಮಿದುಳಿನ ಇತರ ಭಾಗಗಳು. ಅಭ್ಯಾಸವಿಲ್ಲದೆ ಅವು ಕಲಿಯುವುದಾದರೂ ಹೇಗೆ? ಇಂಗ್ಲಿಷಿನ ಒಂದು ಸಾಲಿನ ವರದಿಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಲು ನಮ್ಮ ಸ್ಕ್ಯಾನಿಂಗ್ ಕೇಂದ್ರಗಳಿಗೆ ಏನು ತೊಡಕೋ ತಿಳಿಯದು.

ನಶಿಸುವುದನ್ನು ತಡೆಯುವ ಔಷಧ ಇನ್ನೂ ಬಂದಿಲ್ಲ. ಬುಡಕ್ಕೆ ಬೀಳುವ ಪೆಟ್ಟನ್ನು ಕಿರಿದಾಗಿಸಬಹುದಷ್ಟೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಚಿತ್ರದುರ್ಗದಿಂದ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 200 ಕಿಲೋಮೀಟರ್. ಆದ್ದರಿಂದ ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಮತ್ತು ಈ ಚುಚ್ಚುಮದ್ದು ಎಲ್ಲಿ ಸಿಗುತ್ತದೆಂದು ಮೊದಲೇ ತಿಳಿದಿಟ್ಟುಕೊಳ್ಳಬೇಕು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಜೋತುಬಿದ್ದರೆ ಹಳೆಯ ರೋಗಿಯೆಂದು ಸುಮ್ಮನಿರದೆ ಕೂಡಲೇ ಹೊರಡಬೇಕು. ಹೊರಡುವಾಗ ಹಳೆಯ ಫಿಲ್ಮುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಿಳಿಯ ಪಟ್ಟಿ ಹಳೆಯದೋ ಹೊಸದೋ ಎಂದು ವೈದ್ಯರು ತೀರ್ಮಾನಿಸುವಾಗ ಅವು ಬೇಕಾಗುತ್ತವೆ.