ಮೂರು ವರ್ಷದ ಮಾತು, ಹದಿನಾರು ತಿಂಗಳ ತಾಳ್ಮೆ

ಹನುಮಸಾಗರದಲ್ಲಿ ನಮ್ಮ ಫುಟ್‌ಬಾಲ್ ಎರಡು ತುಂಡಾಗಿ ನಡೆಯುತ್ತದೆ. ಏಳೂವರೆಗೆ ಶುರುವಾಗುವ ಮೊದಲರ್ಧ ಗಿರಾಕಿಗಳ ನಡುವೆ, ಉಳಿದರ್ಧ ಇಶಾ ನಮಾಝ್ ಮುಗಿಸಿ, ಶಟರ್ ಅರ್ಧ ಇಳಿಸಿದ ಮೇಲೆ. ಕರಾವಳಿ ಬಿಟ್ಟು ಬಂದು ಇಲ್ಲಿ ಬೇಕರಿ, ಹೋಟೆಲು, ಚಪ್ಪಲಿ ಅಂಗಡಿ ಅಂತ ಇಟ್ಟುಕೊಂಡಿರುವ ನಾವು ಏಳೆಂಟು ಮಂದಿ. ಬಿಸ್ಕಿಟ್ ಡಬ್ಬಿಗೆ ಒರಗಿಸಿಟ್ಟ ಒಂದು ಮೊಬೈಲ್. ಬೆಂಗಳೂರು ಎಫ್‌ಸಿ ಸೋತರೆ ಮುಖ ನೋಡಿಯೇ ಊರಿಗೆ ಗೊತ್ತಾಗಿಬಿಡುತ್ತದೆ. ಬೆಳಗ್ಗೆ ಬ್ರೆಡ್ಡಿಗೆ ಬಂದವರು ‘ಮತ್ತ ಸೋತ್ರೇನ್ರೀ ಭಾಯ್?’ ಎಂದು ಕೇಳಿಯೇ ಚಿಲ್ಲರೆ ಕೊಡುವುದು.

ಸೋಲಿನ ಬಗ್ಗೆ ನಮ್ಮದೇನೂ ತಕರಾರಿಲ್ಲ. 2025ರ ಎಪ್ರಿಲ್ 12ರಂದು, ಪೆರ್ನಾಲ್ ಕಳೆದು ಹನ್ನೆರಡು ದಿನಕ್ಕೆ, ಕೋಲ್ಕತಾದಲ್ಲಿ ಐಎಸ್‌ಎಲ್ ಫೈನಲ್ ಆಯಿತು. ಮೊದಲು ಮುನ್ನಡೆದದ್ದು ನಮ್ಮ ತಂಡವೇ. ಆಮೇಲೆ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ 2-1ರಿಂದ ಸೋತಿತು. ಅವತ್ತು ಬೇಸರವಾಯಿತು, ಸಿಟ್ಟು ಬರಲಿಲ್ಲ. ನಮ್ಮ ಸಿಟ್ಟು ಬೇರೆಯದು, ಹಳೆಯದು. ಕಟ್ಟಲು ಹೊರಟವರು ಗೋಡೆ ಸೊಂಟದೆತ್ತರ ಬಂದಾಗ ‘ಇದು ಬೇಡ, ರೆಡಿ ಮನೆ ಕೊಳ್ಳೋಣ’ ಎಂದರಲ್ಲ, ಅದರ ಮೇಲೆ.

ಈ ಕ್ಲಬ್ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಆ ವರ್ಷ ಆಲ್ಬರ್ಟ್ ರೋಕಾ ಜೊತೆ ಸಹಾಯಕನಾಗಿ ಬಂದ ಕಾರ್ಲೆಸ್ ಕ್ವಾದ್ರಾತ್ ಎರಡು ವರ್ಷ ಕಲಿತು, ನೋಡಿ, 2018ರಲ್ಲಿ ಮುಖ್ಯ ಕೋಚ್ ಆದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ರಾಹುಲ್ ಭೇಕೆ ತಲೆ ಕೊಟ್ಟ ಒಂದೇ ಗೋಲಿನಿಂದ ಗೋವಾವನ್ನು ಸೋಲಿಸಿ ಐಎಸ್‌ಎಲ್ ಕಪ್ ತಂದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಂದುವರಿಸಿದ್ದಕ್ಕೆ ಸಿಕ್ಕ ಫಲ ಅದು. ಅದೇ ಕ್ವಾದ್ರಾತ್‌ರನ್ನು 2021ರ ಜನವರಿಯಲ್ಲಿ, ಮೂರು ಪಂದ್ಯ ಸತತ ಸೋತ ಕಾರಣಕ್ಕೆ ಮನೆಗೆ ಕಳಿಸಿದರು.

ಆಗಲೂ ನಾವು ಸುಮ್ಮನಿದ್ದೆವು. ಏಕೆಂದರೆ ಮುಂದಿನ ತಿಂಗಳು ಬಂದ ಸುದ್ದಿ ಚೆನ್ನಾಗಿತ್ತು. 2009ರಲ್ಲಿ ಜರ್ಮನಿಯ 17ರ ಕೆಳಗಿನ ಹುಡುಗರಿಗೆ ಯುರೋಪ್ ಚಾಂಪಿಯನ್ ಪಟ್ಟ ಗೆಲ್ಲಿಸಿದ್ದ ಮಾರ್ಕೊ ಪೆಝಾಯುವೊಲಿ ಮೂರು ವರ್ಷದ ಒಪ್ಪಂದಕ್ಕೆ ಬಂದರು. ಹೆಸರು ಸರಿಯಾಗಿ ಹೇಳಲು ನಮಗೆ ಒಂದು ಸೀಸನ್ ಬೇಕಾಯಿತು, ಅದಿರಲಿ. ಹುಡುಗರನ್ನು ಬೆಳೆಸುವುದೇ ಅವರ ಕಸುಬು. 2021-22ರಲ್ಲಿ ತಂಡ ಆರನೇ ಸ್ಥಾನಕ್ಕೆ ನಿಂತಿತು, ನಿಜ. ಆದರೆ ರೋಶನ್ ಸಿಂಗ್ ಆ ವರ್ಷ ಲೀಗ್‌ನ ಉದಯೋನ್ಮುಖ ಆಟಗಾರ ಎನಿಸಿಕೊಂಡ. 2022ರ ಎಪ್ರಿಲ್-ಮೇನಲ್ಲಿ ಗೋವಾದಲ್ಲಿ ನಡೆದ ಮೊದಲ ಡೆವಲಪ್‌ಮೆಂಟ್ ಲೀಗ್ ಅನ್ನು ಬೆಂಗಳೂರಿನ ಹುಡುಗರೇ ಗೆದ್ದು ಇಂಗ್ಲೆಂಡಿಗೆ ಆಡಲು ಹೋದರು. ‘ಇನ್ನೆರಡು ವರ್ಷ ಕಾಯಿ ಮೋನೇ, ಮತ್ತೆ ನೋಡು’ ಎಂದು ನಮ್ಮ ಹೋಟೆಲ್ ಕಾಕ ಆಗ ಹುಡುಗರಿಗೆ ಹೇಳುತ್ತಿದ್ದರು.

ಕಾಯಲು ಬಿಡಲಿಲ್ಲ. ಹುಡುಗರು ಕಪ್ ಎತ್ತಿದ ಮರುತಿಂಗಳೇ, ಜೂನ್‌ನಲ್ಲಿ, ಮೂರು ವರ್ಷಕ್ಕೆಂದು ಬಂದವರು ಹದಿನಾರನೇ ತಿಂಗಳಲ್ಲಿ ಹೊರನಡೆದರು. ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ರಾಯ್ ಕೃಷ್ಣ, ಸಂದೇಶ್ ಜಿಂಗನ್, ಪ್ರಬೀರ್ ದಾಸ್, ಹಾವಿ ಹೆರ್ನಾಂಡಿಸ್ ಹೀಗೆ ಬೇರೆ ಕಡೆ ಹಣ್ಣಾದವರನ್ನು ತಂದರು. ಮಲಪ್ಪುರಂನ ಆಶಿಕ್ ಕುರುಣಿಯನ್ ಮೋಹನ್ ಬಗಾನ್‌ಗೆ ಹೋದ. ಅವತ್ತು ನಮ್ಮಲ್ಲಿ ಒಬ್ಬ ಚಾ ಕುಡಿಯದೆ ಎದ್ದು ಹೋದದ್ದು ನೆನಪಿದೆ.

ಫಲ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವರ್ಷವೇ ಡ್ಯುರಾಂಡ್ ಕಪ್ ಬಂತು. ಲೀಗ್‌ನ ಕೊನೆಗೆ ಸತತ ಎಂಟು ಪಂದ್ಯ ಗೆದ್ದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದ ಆ ಕುಪ್ರಸಿದ್ಧ ರಾತ್ರಿಯೂ ಆಗಿಹೋಯಿತು (ನಮ್ಮಲ್ಲಿ ಇಬ್ಬರು ಬ್ಲಾಸ್ಟರ್ಸ್ ಕಡೆ, ಒಂದು ವಾರ ಮಾತಿರಲಿಲ್ಲ), ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಷ್ಟೇ ಸೋತರು. ಆದರೆ ಡ್ಯುರಾಂಡ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದದ್ದು ಯಾರು? ಹೊಸದಾಗಿ ಕೊಂಡುತಂದವರಲ್ಲ, ಇಪ್ಪತ್ತೊಂದರ ಶಿವಶಕ್ತಿ. ಆ ಸೀಸನ್‌ನ ಉದಯೋನ್ಮುಖ ಆಟಗಾರನೂ ಅವನೇ. ಕೃಷ್ಣ, ಜಿಂಗನ್, ದಾಸ್ ಮೂವರೂ ಒಂದೇ ಸೀಸನ್ನಿಗೆ ಬೇರೆ ಬೇರೆ ದಾರಿ ಹಿಡಿದರು. ಮರುವರ್ಷ ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರು. 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಕೂಡಾ ಹೋದರು. ಮತ್ತೆ ಹೊಸ ಕೋಚ್, ಮತ್ತೆ ಹೊಸ ಪ್ಲಾನ್.

ಹಣ ಹಾಕುವವರಿಗೆ ಅವಸರ ಇರುತ್ತದೆ ಎಂಬುದು ವ್ಯಾಪಾರ ಮಾಡುವ ನಮಗೆ ತಿಳಿಯದ ವಿಷಯವೇನಲ್ಲ. ಆದರೂ ಈ ರಾಜ್ಯದ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ, 1948ರಲ್ಲಿ ಇನ್ನೊಮ್ಮೆ ಗೆದ್ದರು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದು ರಿಯಾದ್‌ನಲ್ಲಿ. ಮೇಘಾಲಯದ ಎದುರು 3-2. ನಮ್ಮ ಮನೆಯ ಗಂಡಸರು ದುಡಿಯುವ ಊರಿನಲ್ಲೇ ಆ ಕಪ್ ಸಿಕ್ಕಿತು. ಅದರ ಬೆನ್ನು ಹತ್ತಿ ನಡೆಯಬೇಕಾದ ಕೆಲಸ ಯಾರದು ಎಂದು ಕೇಳಿದರೆ ಎಲ್ಲರೂ ಮತ್ತೊಬ್ಬರ ಕಡೆ ಕೈ ತೋರಿಸುತ್ತಾರೆ.

ಇಷ್ಟೆಲ್ಲ ಹೊಟ್ಟೆಗೆ ಹಾಕಿಕೊಳ್ಳಲು ನಮಗೆ ಇನ್ನೊಂದು ಕಾರಣ ಇದೆ. ಕುಷ್ಟಗಿಯಲ್ಲಿ ಹೆದ್ದಾರಿ ಹಿಡಿದು ಹೊಸಪೇಟೆ, ಅಲ್ಲಿಂದ ತೋರಣಗಲ್ಲು. ಕ್ಲಬ್‌ನ ಒಡೆಯರಾದ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಅಲ್ಲಿದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಕಾಲೂರಿದ್ದೂ ಅಲ್ಲೇ, ವಿಜಯನಗರದಲ್ಲಿ. ಬೆಂಗಳೂರಿನ ಹೆಸರಿನ ತಂಡಕ್ಕೆ ಹುಡುಗರು ಬೆಳೆದದ್ದು ನಮ್ಮ ಬಿಸಿಲಿನಲ್ಲಿ. ಆದ್ದರಿಂದ 2024ರ ಸೆಪ್ಟೆಂಬರ್‌ನಲ್ಲಿ ಯುವ ತಂಡದಿಂದ ಬಂದ ಹತ್ತೊಂಬತ್ತರ ವಿನೀತ್ ವೆಂಕಟೇಶ್ ತನ್ನ ಮೊದಲ ಐಎಸ್‌ಎಲ್ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದಾಗ ಅಂಗಡಿಯಲ್ಲಿ ಎದ್ದ ಗದ್ದಲಕ್ಕೆ ಎದುರು ಮನೆಯ ಅಜ್ಜಿ ಬಾಗಿಲು ತೆರೆದು ನೋಡಿದರು.

ನಮ್ಮಲ್ಲಿ ಒಬ್ಬರ ಮಗನಿಗೆ ಹನ್ನೊಂದು ವರ್ಷ. ಎಡಗಾಲಿನ ಹುಡುಗ, ಮದ್ರಸ ಬಿಟ್ಟ ಮೇಲೆ ಸಂಜೆ ಕತ್ತಲಾಗುವ ತನಕ ಗೋಡೆಗೆ ಚೆಂಡು ಒದೆಯುವುದೇ ಕೆಲಸ. ಅಕಾಡೆಮಿಗೆ ಸೇರಿಸುವ ಮಾತು ಮನೆಯಲ್ಲಿ ಎದ್ದಿತ್ತು. ಅಷ್ಟರಲ್ಲಿ 2025ರ ಆಗಸ್ಟ್ ಬಂತು. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪೆನಿಯ ನಡುವಿನ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದು, ಲೀಗ್ ನಡೆಯುತ್ತದೋ ಇಲ್ಲವೋ ಎಂಬಂತಾಗಿ, ಬೆಂಗಳೂರು ಎಫ್‌ಸಿ ಸೀನಿಯರ್ ತಂಡದ ಸಂಬಳವನ್ನೇ ತಡೆಹಿಡಿಯಿತು. ಯುವ ತಂಡಗಳಿಗೆ ಇದರಿಂದ ತೊಂದರೆ ಇಲ್ಲ ಎಂದೂ ಅದೇ ಹೇಳಿಕೆಯಲ್ಲಿ ಹೇಳಿದರು. ಆ ಒಂದು ಸಾಲನ್ನು ನಾವು ಹುಡುಗನ ಉಮ್ಮನಿಗೆ ಎರಡು ಸಲ ಓದಿ ಹೇಳಿದೆವು.

‘ಮೂರು ವರ್ಷಕ್ಕೆ ಅಂತ ಕರೆದವರನ್ನೇ ನಡುವೆ ಕಳಿಸಿದರು ಅಂತ ನೀವೇ ಹೇಳುವುದಲ್ಲವಾ,’ ಎಂದು ಅವರು ಕೇಳಿದರು. ‘ನನ್ನ ಮಗನನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ?’

ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ಹೊರಗೆ ಗೋಡೆಗೆ ಒದೆಯುತ್ತಲೇ ಇದ್ದ.